ದಣಿವಿಲ್ಲದ ಓಣಿ

ಗುರುಲಿಂಗ ಇಳಿಯಲೇ ಇಲ್ಲ.

ಪ್ರಯೋಗಾಲಯದ ನಡುವೆ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ ಸೈಕಲ್ ಅದು. ಎಷ್ಟು ತುಳಿದರೂ ಎಲ್ಲಿಗೂ ಹೋಗದು. ಪೆಡಲಿನ ಭಾರವನ್ನು ಕಂಪ್ಯೂಟರಿನಿಂದ ಏರಿಸಬಹುದಿತ್ತು, ಅವನ ಹೆಂಡತಿ ನೀಲಾಂಬಿಕಾ ಏರಿಸುತ್ತಲೇ ಇದ್ದಳು. ಉಳಿದ ಸವಾರರೆಲ್ಲ ಕೈಚೆಲ್ಲಿ ಇಳಿದುಹೋದ ಭಾರ ಬಂದಾಗ ಅವನು ಅವಳ ಕಡೆ ತಿರುಗಿ ಕಣ್ಣು ಹೊಡೆದ. ಮೂಗು ಬಾಯಿ ಮುಚ್ಚಿದ ಮುಖವಾಡದೊಳಗಿನಿಂದ ಅವನ ದನಿ, ಕೊಡದೊಳಗಿಂದ ಬಂದಂತೆ ಬಂತು.

"ನೀಲಾ, ಹೋಗಿ ಚಾ ಕುಡದು ಬಾ. ನಾ ಇಲ್ಲೇ ಇರ್ತೀನಿ."

"ಸುಮ್ನ ತುಳೀರಿ. ಮಾತಾಡಿದ್ರ ಉಸಿರಿನ ಲೆಕ್ಕ ತಪ್ಪತೈತಿ."

"ಉಸಿರು ಉಳದೈತಿ ಅಂತನ ಮಾತಾಡಾಕತ್ತೀನಿ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಕ್ರೀಡಾ ಆಹಾರ ಸಂಶೋಧನಾ ಕೇಂದ್ರದ ನಿರ್ದೇಶಕ ರೇವಣಕರ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಅವರು ಕರಾವಳಿಯವರು. ವಿಜಯಪುರಕ್ಕೆ ಬಂದು ನಾಲ್ಕು ವರ್ಷವಾದರೂ ಬಿಸಿಲನ್ನು ಬೈಯುವುದು ಬಿಟ್ಟಿರಲಿಲ್ಲ. ಆದರೆ ಸೈಕಲ್ ಸವಾರರು ಬೇಕೆಂದರೆ ಈ ಊರಿಗೇ ಬರಬೇಕು. ಇಲ್ಲಿ ಹಾಲು ಮಾರುವವನ ಮಗನೂ ಸೈಕಲ್ ಹತ್ತಿ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಹೋಗುತ್ತಾನೆ.

ಅವರು ಮಾಡಿದ್ದ ವಸ್ತುವಿನ ಹೆಸರು 'ಅದಮ್ಯ'. ಅದರ ಸಂಗತಿ ಸರಳವಾಗಿತ್ತು. ಕಾಲು ಮಿತಿ ಮೀರಿ ದುಡಿದಾಗ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಹುಟ್ಟುತ್ತದೆ, ರಕ್ತಕ್ಕೆ ಇಳಿಯುತ್ತದೆ, ಅದರಲ್ಲಿ ಒಂದಷ್ಟು ಕರುಳಿಗೂ ಜಿನುಗುತ್ತದೆ. ಅದನ್ನೇ ತಿಂದು ಬದುಕುವ ಒಂದು ಬ್ಯಾಕ್ಟೀರಿಯವನ್ನು ಕೇಂದ್ರದವರು ತಿದ್ದಿ ತೀಡಿದ್ದರು. ತಿಂದದ್ದಕ್ಕೆ ಬದಲಾಗಿ ಅದು ಎರಡು ವಸ್ತುಗಳನ್ನು ಕೊಡುತ್ತಿತ್ತು. ಒಂದು, ಸ್ನಾಯುಗಳಿಗೆ ಮತ್ತೆ ಇಂಧನ. ಇನ್ನೊಂದು, ಮಿದುಳಿಗೆ ಹೋಗಿ 'ಸಾಕು, ಇಳಿ' ಎನ್ನುವ ದನಿಯನ್ನು ತಗ್ಗಿಸುವಂಥದ್ದು.

ಪುಡಿ ಮಾಡಿ ಕಟ್ಟಿಟ್ಟರೆ ಇಲ್ಲಿಯ ಬಿಸಿಲಿಗೆ ಆ ಜೀವಿ ಸಾಯುತ್ತಿತ್ತು. ಹಾಲಿನಲ್ಲಿ ಬದುಕಲು ಅದಕ್ಕೆ ಕಲಿಸಿದವಳು ನೀಲಾಂಬಿಕಾ. ಮೊಸರಿನ ಹುಳಿಯೇ ಲ್ಯಾಕ್ಟಿಕ್ ಆಮ್ಲವಲ್ಲವೆ, ಅದಕ್ಕೆ ಅಲ್ಲೇ ಊಟ ಸಿಗುತ್ತದಲ್ಲ ಎಂದು ಅವಳಿಗೆ ಹೊಳೆದಿತ್ತು. ಅಂದಿನಿಂದ ಅದಮ್ಯವನ್ನು ಮಜ್ಜಿಗೆಯಾಗಿ ಪಾಕೀಟಿಗೆ ತುಂಬತೊಡಗಿದರು. ಆ ವರ್ಷ ರೇವಣಕರ ಅವಳನ್ನು ದಿಲ್ಲಿಯ ಸಭೆಗೆ ಕರೆದುಕೊಂಡು ಹೋಗಿ, "ಇವರು ನಮ್ಮ ಮಜ್ಜಿಗೆ ವಿಜ್ಞಾನಿ" ಎಂದು ಪರಿಚಯಿಸಿದ್ದರು.

ಮಾರಾಟಕ್ಕೆ ಪರವಾನಗಿ ಸಿಗಲು ಒಂದೇ ಮಾತು ಬಾಕಿಯಿತ್ತು. ಕುಡಿಯುವುದನ್ನು ಬಿಟ್ಟರೆ ಆ ಜೀವಿ ಹೊಟ್ಟೆಯಿಂದ ತಾನಾಗಿ ಹೊರಟುಹೋಗುತ್ತದೆಂದು ತೋರಿಸಬೇಕು. ಬಂದ ನೆಂಟ ಹೋಗುತ್ತಾನೆಂದು ಖಾತ್ರಿ ಬೇಕು. ಪ್ರಯೋಗಕ್ಕೆ ಬಂದಿದ್ದ ಸವಾರರೆಲ್ಲ ಕುಡಿಯುವುದನ್ನು ನಿಲ್ಲಿಸಿದರು. ತಿಂಗಳು ಕಳೆಯುವಷ್ಟರಲ್ಲಿ ಒಬ್ಬೊಬ್ಬರ ಹೊಟ್ಟೆಯೂ ಚೊಕ್ಕಟವಾಯಿತು.

ಗುರುಲಿಂಗನದೊಂದು ಆಗಲಿಲ್ಲ.

*

ಮನೆಯಲ್ಲಿ ಊಟಕ್ಕೆ ಕೂತಾಗ ಅವನ ಹಿಮ್ಮಡಿ ನೆಲಕ್ಕೆ ಬಡಿಯುತ್ತಿತ್ತು. ತಾಟಿನ ಪಕ್ಕದ ತಂಬಿಗೆಯ ನೀರು ಅಲುಗಾಡುತ್ತಿತ್ತು.

"ಕಾಲು ಅಲಗ್ಯಾಡಸಬ್ಯಾಡೋ ಗುರು, ಮನಿಗೆ ದರಿದ್ರ ಬರತೈತಿ," ಎಂದಳು ತಾಯಿ ಶಿವಗಂಗವ್ವ.

"ನಾ ಎಲ್ಲಿ ಅಲಗ್ಯಾಡಸೀನವ್ವಾ. ಅದ ಅಲಗ್ಯಾಡತೈತಿ."

ಅವನು ಅದಮ್ಯ ಬಿಟ್ಟು ಆರು ತಿಂಗಳ ಮೇಲಾಗಿತ್ತು. ಮೊದಮೊದಲು ಹುರುಪೆಂದುಕೊಂಡಿದ್ದ. ನಸುಕಿನಲ್ಲಿ ಬಬಲೇಶ್ವರದ ಕಡೆ ಹೊರಟರೆ ಬಿಸಿಲೇರುವವರೆಗೆ ತುಳಿದು ಬರುತ್ತಿದ್ದ, ಸಂಜೆ ಮತ್ತೆ ಹೊರಡುತ್ತಿದ್ದ. ಈಗ ಕೂತಲ್ಲಿ ಕೂರಲಾರ. ಮಲಗಿದರೆ ಹಾಸಿಗೆಯಲ್ಲೇ ಕಾಲು ಪೆಡಲು ತುಳಿಯುತ್ತವೆ. ಮೈ ಓಡದಿದ್ದರೆ ಹೊಟ್ಟೆಯೊಳಗಿನ ಜೀವಿಗೆ ಊಟವಿಲ್ಲ. ಊಟವಿಲ್ಲದಾಗ ಅದು ಬೇರೇನೋ ಒಂದನ್ನು ರಕ್ತಕ್ಕೆ ಬಿಡುತ್ತಿತ್ತು. ಹಸಿದ ದನ ಗೋದಲಿ ತಿವಿದಂತೆ ಅದು ಅವನನ್ನು ಒಳಗಿನಿಂದ ತಿವಿದು ಎಬ್ಬಿಸುತ್ತಿತ್ತು.

"ನೀಲಾ," ಎಂದ ಒಂದು ದಿನ ಬಾಗಿಲಿಗೆ ಆತುಕೊಂಡು, "ನಿಂದ್ರಾಕ ಆಗವಲ್ದು ನನಗ."

ಅವನ ತುಟಿಗೆ ನೀಲಿ ಬಂದಿದ್ದನ್ನು ಅವಳು ಆಗ ಕಂಡಳು.

ಹೃದಯದ ವೈದ್ಯೆ ಡಾ. ಬಾಗವಾನ ಅವನ ಎದೆಯ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. "ಸೈಕಲ್ಲಿನವರಿಗೆ ಸೈಕಲ್ಲಿನ ಮಾತಿನ್ಯಾಗ ಹೇಳ್ತೀನಿ. ನಿಮ್ಮ ಹಾರ್ಟ್ ಹಳೇ ಟ್ಯೂಬ್ ಹಂಗ ಹಿಗ್ಗಿ ತೆಳ್ಳಗ ಆಗೇದ. ಕಾಲಿಗೆ ದಣಿವಿಲ್ಲ ಅಂದ್ರ ಹಾರ್ಟಿಗೂ ಇಲ್ಲ ಅಂತಲ್ಲ. ಅದರ ಕೂಗು ನಿಮಗ ಕೇಳಸವಲ್ದು, ಅಷ್ಟ. ಮೂರು ತಿಂಗಳು ಸುಮ್ನ ಮಲಗಿದ್ರ ಉಳೀತೀರಿ. ಇಲ್ಲಂದ್ರ ನಾ ಏನೂ ಹೇಳಂಗಿಲ್ಲ."

"ಮಲಗಾಕ ಆಗೂದಿಲ್ಲಲ್ರೀ ಡಾಕ್ಟ್ರ, ಅದಕ್ಕ ಬಂದೀನಿ," ಎಂದು ಅವನು ನಗಲು ನೋಡಿದ.

ರೇವಣಕರ ಈ ಸುದ್ದಿ ಕೇಳಿ ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತರು. "ಬೇಜಾರು ಮಾಡಿಕೊಳ್ಳಬೇಡಿ ನೀಲಾಂಬಿಕಾ. ಅವರು ಎಲ್ಲಿಂದಲೋ ತಂದು ಕದ್ದು ಕುಡಿಯುತ್ತಿದ್ದಾರೆ. ಆಟಗಾರರ ಬುದ್ಧಿ ನನಗೆ ಗೊತ್ತು. ಗೆಲುವಿನ ರುಚಿ ಹತ್ತಿದ ಮೇಲೆ ಬಿಡುವುದು ಕಷ್ಟ."

ಆ ದಿನ ಅವಳು ಗಂಡನನ್ನು ನೇರವಾಗಿ ಕೇಳಿದಳು. ಅವನು ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿದ. "ಇದರಾಣಿ. ಬಿಟ್ಟ ಮ್ಯಾಲ ಒಂದು ಹನಿ ಬಾಯಿಗೆ ಹಾಕಿಲ್ಲ." ಹಾಗೆಂದವನು ಮಲಗುವ ಕೋಣೆಯಲ್ಲೇ ಗೋಡೆಯಿಂದ ಗೋಡೆಗೆ ಅಡ್ಡಾಡತೊಡಗಿದ. ಅವಳು ನಂಬಿದಳು. ನಂಬಿದ ಮೇಲೆ ಹೆದರಿಕೆ ಹೆಚ್ಚಾಯಿತು.

*

ಗಾಣಿಗೇರ ಓಣಿಯ ಆ ಮನೆಯ ಮುಂದಿನ ಪಡಸಾಲೆಯಲ್ಲಿ ಶಿವಗಂಗವ್ವ ರೊಟ್ಟಿ ಮಾಡಿಸುತ್ತಿದ್ದಳು. ಸುತ್ತಲಿನ ಖಾನಾವಳಿಗಳಿಗೆ ಜೋಳದ ರೊಟ್ಟಿ ಹೋಗುತ್ತಿದ್ದುದು ಅಲ್ಲಿಂದಲೇ. ಓಣಿಯ ನಾಲ್ಕೈದು ಹೆಂಗಸರು ಸಾಲಾಗಿ ಕೂತು ಬಡಿಯುತ್ತಿದ್ದರು. ಮೊದಲೆಲ್ಲ ಮಧ್ಯಾಹ್ನವಾದರೆ ಭುಜ ಹಿಡಿದುಕೊಂಡು, "ಸಾಕಾತಬೇ ಯವ್ವಾ, ಜೀವ ಹೋತು" ಎಂದು ಎದ್ದು ಹೋಗುತ್ತಿದ್ದವರು ಈಗ ದೀಪ ಹಚ್ಚುವ ಹೊತ್ತಾದರೂ ಏಳುತ್ತಿರಲಿಲ್ಲ. ರೊಟ್ಟಿ ಬಡಿಯುವ ಸದ್ದು ಡೊಳ್ಳಿನಂತೆ ಒಂದೇ ಸಮನೆ ಕೇಳುತ್ತಿತ್ತು. ಮೂಲೆಮನೆಯ ಕಾಶಿಬಾಯಿಯ ಭುಜದ ನರ ಒಂದು ದಿನ ಹರಿಯಿತು. ನೋವೆಂದು ಅವಳು ಹೇಳಲಿಲ್ಲ. ಕೈ ಮೇಲೆತ್ತಲು ಹೋಗಿ ಅದು ಮೇಲೇಳದಿದ್ದಾಗ ನೋಡಿಕೊಂಡಳು. ಮರುವಾರ ಎಡಗೈಯಲ್ಲಿ ಬಡಿಯತೊಡಗಿದಳು.

"ವಯಸ್ಸು ಇಳದಂಗ ಆಗೈತಿ ನೋಡ ನೀಲವ್ವ," ಎನ್ನುತ್ತಿದ್ದಳು ಶಿವಗಂಗವ್ವ. "ಮೊಣಕಾಲ ಹಿಡಕೊಂಡು ಏಳತಿದ್ದೆ. ಈಗ ಹುಡುಗಿ ಆಗೀನಿ. ಮತ್ತೊಂದು ಮದಿವಿ ಮಾಡ್ರಿ ನನಗ."

"ಗಂಡು ಹುಡಕೂಣೇನ್ರೀ ಅಕ್ಕಾರ?" ಎಂದು ಎದುರುಮನೆಯ ಮಾಬೂಬಿ ಹಿಟ್ಟು ನಾದುತ್ತ ಕೇಳುವಳು. "ಸೈಕಲ್ ಹೊಡ್ಯಾವನ್ನ ಬ್ಯಾಡ, ಮನ್ಯಾಗ ನಿಂದ್ರೂದಿಲ್ಲ ಅವರು."

ನೀಲಾಂಬಿಕಾ ಇದನ್ನೆಲ್ಲ ನೋಡಿಯೂ ನೋಡಿರಲಿಲ್ಲ. ಅವಳೂ ಪ್ರಯೋಗಾಲಯದಲ್ಲಿ ಎರಡಾಳಿನ ಕೆಲಸ ಮಾಡುತ್ತಿದ್ದಳು. ಗಂಡನ ಚಿಂತೆ ತನ್ನನ್ನು ಕೂರಗೊಡುತ್ತಿಲ್ಲವೆಂದುಕೊಂಡಿದ್ದಳು.

ಒಂದು ಬೆಳಗ್ಗೆ ಪರೀಕ್ಷೆಯ ಯಂತ್ರವನ್ನೇ ಪರೀಕ್ಷಿಸಬೇಕೆನಿಸಿತು. ಗಂಡನ ಮಲದ ಮಾದರಿಯಲ್ಲಿ ಜೀವಿ ಇದೆ ಎಂದು ಅದು ಸುಳ್ಳು ಹೇಳುತ್ತಿರಬಹುದು. ಅದಮ್ಯ ಕುಡಿಯದವರ ಮಾದರಿ ಬೇಕಿತ್ತು. ಇಂಥ ಹೊತ್ತಿನಲ್ಲಿ ಅಲ್ಲಿಯವರು ತಮ್ಮದನ್ನೇ ಹಾಕುವುದು ರೂಢಿ. ಅವಳು ತನ್ನದನ್ನು ಹಾಕಿದಳು. ಪಕ್ಕದ ಕೋಣೆಯ ಸಹೋದ್ಯೋಗಿಯದನ್ನೂ ಹಾಕಿದಳು.

ಸಹೋದ್ಯೋಗಿಯದು ಚೊಕ್ಕಟವಾಗಿತ್ತು. ಅವಳದರಲ್ಲಿ ಜೀವಿಯಿತ್ತು. ಗಂಡನದರಲ್ಲಿ ಎಷ್ಟಿತ್ತೋ ಅಷ್ಟೇ ಇತ್ತು.

ಅವಳು ಎರಡು ಸಲ ಕೈ ತೊಳೆದುಕೊಂಡು ಮತ್ತೆ ಹಾಕಿದಳು. ಮತ್ತೆ ಅದೇ ಬಂತು. ಯಂತ್ರ ಸುಳ್ಳು ಹೇಳುತ್ತಿರಲಿಲ್ಲ. ಅವಳು ತನ್ನ ಕಾಲು ನೋಡಿಕೊಂಡಳು. ಸ್ಟೂಲಿನ ಕೆಳಗೆ ಹಿಮ್ಮಡಿ ಮೆಲ್ಲಗೆ ನೆಲ ಬಡಿಯುತ್ತಿತ್ತು.

ಅವಳೂ ಅವನೂ ಒಟ್ಟಿಗೆ ತಿನ್ನುವುದೇನು? ಮನೆಯ ಊಟ. ಬಿಸಿ ಮಾಡಿದ್ದರಲ್ಲಿ ಆ ಜೀವಿ ಬದುಕದು. ಕುದಿಸದೆ, ಕಾಯಿಸದೆ ತಿನ್ನುವುದು?

ಮಧ್ಯಾಹ್ನದ ಬಿಸಿಲಿನಲ್ಲೇ ಅವಳು ಮನೆಗೆ ಬಂದಳು.

"ಅತ್ತೀ, ನಮ್ಮನಿ ಮೊಸರಿನ ಹೆಪ್ಪು ಎಲ್ಲಿಂದು?"

"ಎಲ್ಲಿಂದೇನವ್ವಾ, ನಮ್ಮದ."

"ಮೊದಲಿಂದನೂ ಅದೇನಾ?"

ಶಿವಗಂಗವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿದಳು. "ಹ್ವಾದ ಬ್ಯಾಸಿಗ್ಯಾಗ ಹೆಪ್ಪು ಲೋಳಿ ಲೋಳಿ ಆಗಿತ್ತಲ್ಲ. ಗುರು ನಿಮ್ಮ ಆ ಮಜ್ಜಗಿ ಪಾಕೀಟು ಅರ್ಧ ಕುಡದು ಇಟ್ಟಿದ್ದ. ಚೆಲ್ಲೂದ್ಯಾಕ ಅಂತ ಹಾಲಿಗೆ ಹಾಕ್ದೆ. ಏನ್ ಗಟ್ಟಿ ಕುಂತಿತವ್ವಾ! ಡಬ್ಬಿ ಬೋರಲ ಹಾಕಿದ್ರೂ ಬೀಳಲಿಲ್ಲ. ಅವತ್ತಿಂದ ಅದ ನಡದೈತಿ."

"ಯಾರ್ಯಾರಿಗೆ ಕೊಟ್ಟೀರಿ?"

"ಯಾರಿಗೆ ಕೊಟ್ಟಿಲ್ಲ ಅಂತ ಕೇಳು. ಬಟ್ಟಲಾ ಹಿಡಕೊಂಡು ಹೊಸ್ತಲಕ ಬಂದವರಿಗೆ ಹೆಪ್ಪಿಲ್ಲ ಅನ್ನಾಕ ಬರತೈತೇನು? ದೀಪಾ ಹಚ್ಚಿದ ಮ್ಯಾಲ ಮಾತ್ರ ಯಾರಿಗೂ ಕೊಟ್ಟಿಲ್ಲ. ಆ ಕಟ್ಟು ನಾ ಮುರಿಯಾಕಿ ಅಲ್ಲ."

ಸಾಲಿನಲ್ಲಿ ಕೂತ ಹೆಂಗಸರು ಬಡಿಯುವುದನ್ನು ನಿಲ್ಲಿಸದೆ ಅವಳ ಮುಖ ನೋಡಿದರು. ಯಾರ ಮುಖದಲ್ಲೂ ಬೆವರಿನ ಹೊರತು ಏನೂ ಇರಲಿಲ್ಲ.

*

"ಒಂದು ಓಣಿ!" ಎಂದರು ರೇವಣಕರ. ಅವರ ದನಿಯಲ್ಲಿ ಗಾಬರಿಗಿಂತ ಮೊದಲು ಬೆರಗು ಬಂತು. ಆಮೇಲೆ ಎದ್ದು ಬಾಗಿಲು ಹಾಕಿದರು. "ಇದನ್ನು ಹೊರಗೆ ಹೇಳಿದರೆ ಅದಮ್ಯ ಅಲ್ಲಿಗೆ ಮುಗಿಯಿತು. ಇಲ್ಲಿರುವವರ ಕೆಲಸವೂ ಮುಗಿಯಿತು."

"ಹೇಳದಿದ್ದರೆ ನನ್ನ ಗಂಡ ಮುಗಿಯುತ್ತಾರೆ, ಸರ್."

"ಅವರನ್ನು ಆಸ್ಪತ್ರೆಯಲ್ಲಿಡೋಣ. ಮಾತ್ರೆ ಕೊಡೋಣ. ಅವರ ಪಾಲಿಗೆ ಅದೇ ಪರಿಹಾರ. ಓಣಿ ಯಾಕೆ?"

"ವಾಪಸು ಬರುವುದು ಆ ಓಣಿಗೇ ಅಲ್ಲವೇ?"

ರೇವಣಕರ ಕಿಟಕಿಯ ಕಡೆ ತಿರುಗಿದರು. "ನೀವು ಇದಕ್ಕೆ ರೋಗ ಅನ್ನುತ್ತಿದ್ದೀರಿ. ಆ ಹೆಂಗಸರನ್ನು ಒಂದು ಸಲ ಕೇಳಿ ನೋಡಿ. ಅವರು ಏನನ್ನುತ್ತಾರೋ."

ಅವಳು ಹೊರಬಂದಳು. ವಿಷಯವನ್ನು ಡಾ. ಬಾಗವಾನರಿಗೆ ಹೇಳಿದಳು. ಆ ವೈದ್ಯೆ ಯಾರನ್ನೂ ಕೇಳಲಿಲ್ಲ. ಗುರುಲಿಂಗನನ್ನು ಅಂದೇ ದಾಖಲು ಮಾಡಿಕೊಂಡರು. ಆ ಜೀವಿಯನ್ನು ಕೊಲ್ಲುವ ಮಾತ್ರೆ ಶುರುವಾಯಿತು. ಹತ್ತು ದಿನ ತಪ್ಪದೆ ನುಂಗಬೇಕಾದ ಮಾತ್ರೆ. ಓಣಿಯವರಿಗೂ ಸಾಲುವಷ್ಟು ಮಾತ್ರೆಯನ್ನು ಚೀಲದಲ್ಲಿ ಕಟ್ಟಿಕೊಟ್ಟರು.

ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಅವಳು ಹೋದಾಗ ಗುರುಲಿಂಗನ ಕಾಲು ಹೊದಿಕೆಯಡಿ ಸುಮ್ಮನಿದ್ದವು. ಅವಳು ಮಂಚದ ತುದಿಗೆ ಕೂತು ಅವನ್ನೇ ನೋಡಿದಳು.

"ನೀಲಾ, ದಣಿವಾಗೈತಿ," ಎಂದ ಅವನು, ಏನೋ ಸಿಕ್ಕವನ ಹಾಗೆ. "ಹಿಂಗಿರತೈತಿ ಅನ್ನೂದ ಮರತಿದ್ದೆ. ಮೈಯಾಗ ಮಳಲ ತುಂಬಿದಂಗ. ಛಲೋ ಐತಿ." ಮಾತು ಮುಗಿಯುವ ಮೊದಲೇ ಅವನಿಗೆ ನಿದ್ದೆ ಬಂದಿತ್ತು. ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತ, ಮದುವೆಯಾದ ಹೊಸತರಲ್ಲಿ ಮಲಗುತ್ತಿದ್ದಂತೆ ಮಲಗಿದ.

ಅವಳೂ ಮಾತ್ರೆ ನುಂಗುತ್ತಿದ್ದಳು. ಒಂದು ದಿನ ಬಸ್ಸಿನಿಂದಿಳಿದು ಓಣಿಯವರೆಗೆ ನಡೆಯುವಾಗ ಸೊಂಟ ನೋಯಿತು. ಕಟ್ಟೆಯ ಮೇಲೆ ಕೂತು ಚಪ್ಪಲಿ ಬಿಚ್ಚಿದಳು. ಎಷ್ಟೋ ದಿನದ ಕೆಲಸವೆಲ್ಲ ಒಮ್ಮೆಗೇ ಮೈಗೆ ಬಂದು ಇಳಿದ ಹಾಗಾಯಿತು.

ಆ ಸಂಜೆ ಪಡಸಾಲೆಯಲ್ಲಿ ಹೆಂಗಸರನ್ನು ಸೇರಿಸಿ ಎಲ್ಲವನ್ನೂ ತಿಳಿಯುವಂತೆ ಹೇಳಿದಳು. ಮೊಸರಿನಲ್ಲಿ ಏನಿದೆ, ಗುರುಲಿಂಗನ ಎದೆಗೆ ಏನಾಗಿದೆ, ಕಾಶಿಬಾಯಿಯ ಭುಜ ಯಾಕೆ ಹರಿಯಿತು. ಎಲ್ಲರ ಮನೆಯ ಹೆಪ್ಪು ಚೆಲ್ಲಬೇಕು, ಎಲ್ಲರೂ ಒಟ್ಟಿಗೆ ಮಾತ್ರೆ ನುಂಗಬೇಕು, ಒಂದು ಮನೆಯಲ್ಲಿ ಉಳಿದರೂ ಮತ್ತೆ ಎಲ್ಲ ಮನೆಗೆ ಬರುತ್ತದೆ ಎಂದಳು.

"ಅಲ್ಲವ್ವಾ," ಎಂದಳು ಕಾಶಿಬಾಯಿ, ಎಡಗೈಯಿಂದ ಸೆರಗು ಸರಿಮಾಡಿಕೊಂಡು, "ನೀ ಕಲ್ತಾಕಿ, ನಿನ್ನ ಮಾತು ಸುಳ್ಳಲ್ಲ. ಆದ್ರ ನಾ ಕೆಲಸಾ ಮಾಡ್ಲಾರದ ಕುಂದ್ರಾಕ ಆಗತೈತೇನು? ದಣಿವು ಬರ್ಲಿ, ದಣಿವು ಬರ್ಲಿ ಅಂತೀದಿ. ಬಂದ್ರ ನನ್ನ ಪಾಲಿನ ರೊಟ್ಟಿ ನೀ ಬಡೀತೀಯೇನು?"

"ಹಂಗಲ್ಲ ಚಿಗವ್ವಾ..."

"ನನಗ ತಿಳೀತವ್ವಾ." ಕಾಶಿಬಾಯಿ ಮಾತ್ರೆಯ ಪಾಕೀಟು ತಗೊಂಡಳು. "ಗುರು ಉಳದ್ರ ಸಾಕು. ಕೊಡ."

ಎಲ್ಲರೂ ತಗೊಂಡರು. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು. ಶಿವಗಂಗವ್ವ ಸೊಸೆಯ ಕಣ್ಣೆದುರೇ ಮೊಸರಿನ ಡಬ್ಬಿಯನ್ನು ಬಚ್ಚಲಿಗೆ ಬೋರಲು ಹಾಕಿದಳು. ಗಟ್ಟಿ ಮೊಸರು ಮೊದಲು ಬೀಳಲಿಲ್ಲ, ಡಬ್ಬಿಯ ತಳ ಬಡಿಯಬೇಕಾಯಿತು.

ಆದರೆ ಮಾತ್ರೆ ಕೈಯಲ್ಲಿ ಹಿಡಿದು ಅವಳು ಬಹಳ ಹೊತ್ತು ನಿಂತಳು. "ನಲವತ್ತು ವರ್ಷ ದಣದೀನಿ ನೀಲವ್ವ," ಎಂದಳು. "ಹನ್ನೆರಡಕ್ಕ ಮದಿವ್ಯಾಗಿ ಬಂದೆ. ಸಣ್ಣಾಕಿದ್ದಾಗ ನನಗೂ ಕುಣೀಬೇಕು ಅನಸತಿತ್ತು. ಈ ವರ್ಷ ಮತ್ತ ಅನಸಾಕತ್ತಿತ್ತು." ನೀರು ಕುಡಿದಳು. ಮಾತ್ರೆ ನುಂಗಿದಳೋ, ನಾಲಗೆಯಡಿ ಇಟ್ಟುಕೊಂಡಳೋ, ಸೊಸೆ ನೋಡಲಿಲ್ಲ. ನೋಡಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ. ಮೈ ಅಷ್ಟು ಸೋತಿತ್ತು.

ಮರುದಿನವೂ ರೊಟ್ಟಿಯ ಸದ್ದು ದೀಪ ಹಚ್ಚುವ ಹೊತ್ತಿನವರೆಗೆ ನಿಲ್ಲಲಿಲ್ಲ. ಮಾತ್ರೆ ಕೆಲಸ ಮಾಡಲು ಇನ್ನೂ ದಿನ ಬೇಕು ಎಂದುಕೊಂಡು ನೀಲಾಂಬಿಕಾ ಮಲಗಿಬಿಟ್ಟಳು.

*

ಗುರುಲಿಂಗ ಮನೆಗೆ ಬಂದ. ಡಾ. ಬಾಗವಾನ ಹೇಳಿ ಕಳಿಸಿದ್ದರು: ಇನ್ನೆರಡು ತಿಂಗಳು ಮಂಚ ಬಿಟ್ಟಿಳಿಯಬಾರದು. ಹೃದಯ ಮೆಲ್ಲಗೆ ತನ್ನ ಅಳತೆಗೆ ಬರುತ್ತಿದೆ. ಈ ಹೊತ್ತಿನಲ್ಲಿ ಮತ್ತೆ ಆ ಜೀವಿ ಹೊಕ್ಕರೆ ತಮ್ಮಿಂದಲೂ ಉಳಿಸಲಾಗದು.

ಆಸ್ಪತ್ರೆಯಿಂದ ಬಂದವನನ್ನು ನೋಡಲು ಬರಿಗೈಯಲ್ಲಿ ಬರುವ ಪದ್ಧತಿ ಆ ಓಣಿಯಲ್ಲಿರಲಿಲ್ಲ. ಒಬ್ಬರು ಶೇಂಗಾದ ಹಿಂಡಿ ತಂದರು, ಒಬ್ಬರು ಮಾದಲಿ ತಂದರು. ಮಾಬೂಬಿ ಮೊಸರುಬುತ್ತಿ ತಂದಳು. ಮೆತ್ತಗಿನ ಅನ್ನಕ್ಕೆ ಮೊಸರು ಕಲಸಿ ಒಗ್ಗರಣೆ ಹಾಕಿದ್ದು, ಹುಷಾರಿಲ್ಲದವರಿಗೆ ಸೇರುವಂಥದ್ದು.

ನೀಲಾಂಬಿಕಾ ಬಾಗಿಲಲ್ಲೇ ಅಡ್ಡ ನಿಂತಳು. "ಇದು ಬ್ಯಾಡ ಖಾಲಾ. ಮೊಸರಿಂದು ಬ್ಯಾಡ."

"ಹೊಸಾ ಹೆಪ್ಪಿನದವ್ವಾ."

"ಎಲ್ಲಿಂದ ತಂದೀರಿ ಹೆಪ್ಪು?"

ಮಾಬೂಬಿಯ ಮುಖ ಸಣ್ಣದಾಯಿತು. ಹಿಂದೆ ನಿಂತಿದ್ದ ಕಾಶಿಬಾಯಿ, "ನಮ್ಮನಿ ಅನ್ನ ವಿಷ ಆತೇನವ್ವಾ?" ಎಂದಳು. "ಇವನ್ನ ಎತ್ತಿ ಆಡಿಸಿದಾಕಿ ಆಕಿ. ಹೊಸ್ತಲದಾಗ ನಿಂದ್ರಿಸಿ ಮಾತಾಡ್ತೀಯಲ್ಲ?"

ಒಳಗಿನಿಂದ ಗುರುಲಿಂಗ ಕೂಗಿದ. "ಬಿಡ ನೀಲಾ. ಒಳಗ ಕರಿ. ಇಟ್ಟು ಹೋಗ್ಲಿ, ತಿನ್ನೂದಿಲ್ಲ."

ಅವರು ಇಟ್ಟು ಹೋದರು. ನೀಲಾಂಬಿಕಾ ಬುತ್ತಿಯನ್ನು ಹಿತ್ತಲಿಗೆ ಒಯ್ದು ಇಟ್ಟಳು. ಓಣಿಯವರು ಯಾರೂ ಹೆಪ್ಪು ಚೆಲ್ಲಿಲ್ಲ, ಮಾತ್ರೆಯನ್ನೂ ನುಂಗಿಲ್ಲವೆಂದು ಅವಳಿಗೆ ಆಗ ಖಚಿತವಾಯಿತು. ಆ ಸಿಟ್ಟಿನಲ್ಲೇ ಮನೆಮನೆಗೆ ಹೋಗಿ ಜಗಳ ಮಾಡಿದಳು. ಅವಳು ಹಿಂದಿರುಗಿದಾಗ ಗುರುಲಿಂಗ ಮಂಚದ ಮೇಲೆ ಕೂತಿದ್ದ. ಕಿಟಕಿಯಾಚೆ ಹುಡುಗರು ಸಾಲಾಗಿ ಸೈಕಲ್ ತುಳಿದುಕೊಂಡು ಹೋದರು. ಅವರ ಚಕ್ರಗಳ ಸದ್ದು ಮುಗಿಯುವವರೆಗೆ ಅವನು ಆ ಕಡೆ ಕಿವಿ ಕೊಟ್ಟಿದ್ದ.

ಎರಡು ದಿನ ಬಿಟ್ಟು ಹೊದಿಕೆ ಸರಿಮಾಡಲು ಹೋದವಳು ಕೈ ತಡೆದಳು. ಹೊದಿಕೆಯಡಿ ಅವನ ಹಿಮ್ಮಡಿ ಮಂಚಕ್ಕೆ ಬಡಿಯುತ್ತಿತ್ತು.

ಅವನು ಅವಳ ಮುಖ ನೋಡಿ ಕಣ್ಣು ತಿರುಗಿಸಿದ.

"ಯಾವಾಗ ತಿಂದ್ರಿ?"

"ನೀ ಹೊರಗ ಜಗಳಕ್ಕ ಹ್ವಾದಾಗ. ಒಂದ ತುತ್ತು. ಆಕಿ ಮಾರಿ ಕಣ್ಣಾಗಿಂದ ಹೋಗಲಿಲ್ಲ ನೀಲಾ."

ಅವಳು ಹೊದಿಕೆ ಎಳೆದು ಅವನ ಕಾಲು ಮುಚ್ಚಿದಳು. ಅವನು ಮತ್ತೆ ಹೇಳಿದ. "ಅದಷ್ಟ ಅಲ್ಲ. ನನಗೂ ಬೇಕಾಗಿತ್ತು. ಬಚ್ಚಲಕ ಹೋಗಿ ಬಂದ್ರ ಏದುಸಿರು ಬರತೈತಿ. ಮೂವತ್ತೊಂದು ವರ್ಷದಾವ ನಾ. ಹಿಂಗ ಮಲಗಿ, ಎದ್ದ ಮ್ಯಾಲ ಏನಾಗಿ ಏಳತೀನಿ? ಅಂಗಡ್ಯಾಗ ಪಂಚರ ತಿದ್ದಾವನಾಗಿ?"

"ಉಳೀತಿದ್ರಿ."

"ಹೌದು," ಎಂದ. "ಅದೂ ಖರೇನ."

ಬೆಳಗಾದೊಡನೆ ಮತ್ತೆ ಆಸ್ಪತ್ರೆಗೆ ಹೋಗುವುದೆಂದು ಮಾತಾಯಿತು. ಅವನೇ ಅವಳ ಕೈ ಹಿಡಿದು ಒಪ್ಪಿಕೊಂಡ. ಅವಳು ಅವನ ಮಂಚದ ಪಕ್ಕದಲ್ಲೇ ನೆಲದ ಮೇಲೆ ಹಾಸಿಕೊಂಡಳು. ಕಾವಲಿರಬೇಕೆಂದುಕೊಂಡಿದ್ದಳು. ಆದರೆ ಅವಳ ಮೈ ಈಗ ಎಲ್ಲರ ಮೈಯಂತಿತ್ತು. ನಿದ್ದೆ ಬಂದುಬಿಟ್ಟಿತು.

ಎದ್ದಾಗ ಬಿಸಿಲು ಬಂದಿತ್ತು. ಮಂಚ ಖಾಲಿಯಿತ್ತು. ಪಡಸಾಲೆಯ ಗೋಡೆಗೆ ಆನಿಸಿದ್ದ ಸೈಕಲ್ ಇರಲಿಲ್ಲ.

ಬಬಲೇಶ್ವರದ ದಾರಿಯಲ್ಲಿ ದ್ರಾಕ್ಷಿ ತೋಟದವರು ಅವನನ್ನು ಕಂಡಿದ್ದರು. ಗಾಳಿಯಂತೆ ಹೋದ, ನಮಗೆ ಕೈ ಮಾಡಿದ ಎಂದರು. ಆಮೇಲೆ ಕಂಡವರು ಟ್ರ್ಯಾಕ್ಟರಿನವರು. ಅವನು ಬಿದ್ದಿರಲಿಲ್ಲ. ಸೈಕಲಿನಿಂದಿಳಿದು, ಅದನ್ನು ತೋಟದ ಗೋಡೆಗೆ ನೆಟ್ಟಗೆ ಆನಿಸಿ, ಅದರ ನೆರಳಿನಲ್ಲಿ ಬಸ್ಸಿಗೆ ಕಾಯುವವನಂತೆ ಕೂತಿದ್ದ. ಸುಸ್ತಾದವನೆಂದುಕೊಂಡು ಅವರು ನೀರು ಕೊಡಲು ಹೋದರು.

*

ಪಡಸಾಲೆಯಲ್ಲಿ ರೊಟ್ಟಿಯ ಹಿಟ್ಟು ನಾದುವ ಕೊಣಮಿಗೆಗಳನ್ನು ಸರಿಸಿ, ಗೋಡೆಗೆ ಆನಿಸಿ ಅವನನ್ನು ಕೂರಿಸಿದರು. ಹಣೆಗೆ ವಿಭೂತಿ ಹಚ್ಚಿದರು. ಓಣಿಯ ಹೆಂಗಸರು ಸುತ್ತ ಕೂತು ಹಾಡಿಕೊಂಡು ಅತ್ತರು.

"ಗಾಳಿಗಿಂತ ಮುಂದ ಹ್ವಾದೆಲ್ಲೋ ನನ ಮಗನ, ತಿರುಗಿ ನೋಡದಂಗ ಹ್ವಾದೆಲ್ಲೋ..." ಕಾಶಿಬಾಯಿ ಎತ್ತಿಕೊಟ್ಟಳು, ಉಳಿದವರು ಹಿಡಿದರು. ಮಾಬೂಬಿ ಹಾಡಲಿಲ್ಲ. ಹಣೆಯನ್ನು ನೆಲಕ್ಕೆ ಹಚ್ಚಿಕೊಂಡು ಕೂತಿದ್ದಳು.

ಎಲ್ಲ ಸಾವಿನ ಮನೆಯಲ್ಲೂ ಒಂದು ಹೊತ್ತು ಬರುತ್ತದೆ. ಅತ್ತು ಅತ್ತು ದನಿ ಒಡೆಯುತ್ತದೆ, ಕೊರಳು ಬೀಳುತ್ತದೆ. ಆಗ ಯಾರೋ ಒಬ್ಬ ಹಿರಿಯಳು ಎದ್ದು, "ಸಾಕ್ರವ್ವಾ, ಹ್ವಾದಾವ ಬರ್ತಾನೇನು" ಎಂದು ಮುಖಕ್ಕೆ ನೀರು ಹಚ್ಚಿ, ಒಂದು ಗುಟುಕು ಚಹಾ ಕುಡಿಸುತ್ತಾಳೆ. ದುಃಖಕ್ಕೆ ಅಲ್ಲೊಂದು ಪಾವಟಿಗೆ ಸಿಗುತ್ತದೆ. ಅಲ್ಲಿ ಸ್ವಲ್ಪ ಕೂತು ಮುಂದಿನದನ್ನು ಇಳಿಯಬಹುದು.

ಆ ಮನೆಯಲ್ಲಿ ಆ ಹೊತ್ತು ಬರಲಿಲ್ಲ. ಯಾರ ಕೊರಳೂ ಬೀಳಲಿಲ್ಲ. ಮಣ್ಣು ಮುಗಿಸಿ ಗಂಡಸರು ತಿರುಗಿ ಬಂದಾಗಲೂ ಹೆಂಗಸರು ಅದೇ ದನಿಯಲ್ಲಿ, ಅದೇ ಎತ್ತರದಲ್ಲಿ ಅಳುತ್ತಿದ್ದರು. ಮರುದಿನ ಬೆಳಗಿನಲ್ಲೂ ಅಳುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಳ್ಳತೊಡಗಿದ್ದರು. ಆ ನೋಟದಲ್ಲಿ ಹೆದರಿಕೆಯಿತ್ತು. ನಿಲ್ಲಿಸಲು ಯಾರಿಗೂ ಬರುತ್ತಿರಲಿಲ್ಲ.

ನೀಲಾಂಬಿಕಾ ನಡುವೆಯೇ ನಿದ್ದೆಹೋಗಿದ್ದಳು. ಗಂಡನ ಪಕ್ಕದಲ್ಲಿ, ಅವನನ್ನು ಎತ್ತುವ ಮೊದಲೇ, ಗೋಡೆಗೆ ತಲೆ ಕೊಟ್ಟು ಮಲಗಿಬಿಟ್ಟಿದ್ದಳು. "ನೋಡ್ರೇ, ಹೆಂಡತಿಗೆ ನಿದ್ದಿ ಬಂತು," ಎಂದು ಯಾರೋ ಅಂದದ್ದು ಅವಳಿಗೆ ಕೇಳಿಸಿತ್ತು. ಎಚ್ಚರವಾಗಲು ಆಗಿರಲಿಲ್ಲ.

ಜನ ಚದುರಿದ ಮೇಲೆ, ಒಂದು ಇಳಿಹೊತ್ತಿನಲ್ಲಿ ಶಿವಗಂಗವ್ವ ಅವಳ ಮುಂದೆ ಬಂದು ನಿಂತಳು. ಕಣ್ಣಿನಿಂದ ನೀರು ತನ್ನಷ್ಟಕ್ಕೆ ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳುವುದನ್ನು ಅವಳು ಬಿಟ್ಟಿದ್ದಳು.

"ನೀಲವ್ವ. ಆ ಗುಳಿಗಿ ಇನ್ನೂ ಅದಾವೇನು?"

"ನಿಮಗ ಕೊಟ್ಟಿದ್ದು ಏನಾದ್ವು?"

"ಒಲಿಗೆ ಹಾಕೀನಿ." ಮುದುಕಿ ಮುಚ್ಚಿಡಲಿಲ್ಲ. "ಅವಂಗ ಮುಟ್ಟಿಸೂದಿಲ್ಲ, ನಾ ಒಬ್ಬಾಕಿ ಇಟಗೊಂಡ್ರ ಏನಾತು ಅಂದಕೊಂಡೆ. ಎಲ್ಲಾರೂ ಹಂಗ ಅಂದಕೊಂಡ್ರ ಕಾಣಸತೈತಿ."

ನೀಲಾಂಬಿಕಾಳಿಗೆ ಸಿಟ್ಟು ಬರಬೇಕಿತ್ತು. ಅದು ಎಲ್ಲಿದೆಯೆಂದು ಒಳಗೆ ಹುಡುಕಿದಳು, ಸಿಗಲಿಲ್ಲ. ಎದ್ದು ತನ್ನ ಚೀಲದಲ್ಲಿ ಉಳಿದಿದ್ದ ಮಾತ್ರೆ ತಂದು ಕೊಟ್ಟಳು. ಶಿವಗಂಗವ್ವ ಅದನ್ನು ನುಂಗಿ, ಬಾಯಿ ತೆರೆದು ನಾಲಗೆ ಎತ್ತಿ ತೋರಿಸಿದಳು, ಸಣ್ಣ ಹುಡುಗಿಯಂತೆ.

"ಇನ್ನ ಎಷ್ಟು ಹೊತ್ತು?"

"ಹತ್ತು ದಿನ ಆದ್ರೂ ಬೇಕು, ಅತ್ತೀ."

"ಅಲ್ಲೀತನಕ?"

"ಅಲ್ಲೀತನಕ ಹಿಂಗ."

ಶಿವಗಂಗವ್ವ ತಲೆಯಾಡಿಸಿದಳು. ಕೂರಲು ನೋಡಿದಳು, ಆಗಲಿಲ್ಲ. ಬಾಗಿಲು ದಾಟಿ ಓಣಿಗೆ ಇಳಿದು ನಡೆಯತೊಡಗಿದಳು. ಸೊಸೆಯೂ ಅವಳ ಜೊತೆ ಹೋದಳು. ಓಣಿಯ ಆ ತುದಿಯವರೆಗೆ ಹೋಗಿ ತಿರುಗಿ ಬಂದರು, ಮತ್ತೆ ಹೋದರು. ಬಾಗಿಲುಗಳಲ್ಲಿ ಹೆಂಗಸರು ಎದ್ದು ನಿಂತು ನೋಡಿದರು. ಕಾಶಿಬಾಯಿ ಏನೂ ಕೇಳದೆ ಎಡಗೈ ಚಾಚಿದಳು. ನೀಲಾಂಬಿಕಾ ಅವಳಿಗೂ ಮಾತ್ರೆ ಕೊಟ್ಟಳು. ಆಮೇಲೆ ಮಾಬೂಬಿ ಬಂದಳು.

ಎಷ್ಟನೆಯ ಸಲವೋ ತಿರುಗುವಾಗ ನೀಲಾಂಬಿಕಾಳ ಕಾಲು ಸೋತವು. ಅವಳು ಮಾಬೂಬಿಯ ಕಟ್ಟೆಯ ಮೇಲೆ ಕೂತಳು. ಅತ್ತೆ ನಿಲ್ಲಲಿಲ್ಲ. ಹೋಗುವಾಗೊಮ್ಮೆ, ಬರುವಾಗೊಮ್ಮೆ, ನಡಿಗೆ ತಡೆಯದೆ ಸೊಸೆಯ ನೆತ್ತಿಯ ಮೇಲೆ ಕೈಯಿಟ್ಟು ತೆಗೆಯುತ್ತಿದ್ದಳು.

ನೀಲಾಂಬಿಕಾಳ ಕಣ್ಣು ನಿದ್ದೆಗೆ ಎಳೆಯುತ್ತಿದ್ದವು. ಹಸಿದವರ ಎದುರು ಕೂತು ಉಂಡಂತೆ ಅವಳಿಗೆ ನಾಚಿಕೆಯಾಯಿತು.

"ಮಕ್ಕೋ," ಎಂದಳು ಶಿವಗಂಗವ್ವ ದಾಟಿ ಹೋಗುತ್ತ. "ನೀನರ ಮಕ್ಕೋ, ಯವ್ವಾ."